ಎತ್ತಬಾರದ ಫೋನು

ನಮ್ಮ ಮನೆಯ ಫೋನನ್ನು ನಾನು ಮನಸಾರೆ ದ್ವೇಷಿಸುತ್ತಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನೆಲ್ಲ ಓದಿ ಯಾರೂ ನನ್ನನ್ನು ಮೆತ್ತಗಿನ ಮನಸ್ಸಿನವಳು ಎಂದುಕೊಳ್ಳುವುದು ಬೇಡ. ಬೀದರಿನ ಮೈಲೂರಿನಲ್ಲಿ ನಮ್ಮ ಮನೆ. ನಡುಮನೆಯ ಗೂಡಿನಲ್ಲಿ ಆ ಫೋನು ಕೂತಿತ್ತು. ಅದರ ಮೇಲೆ ಅತ್ತೆ ಹೆಣೆದ ಬಿಳಿ ದಾರದ ಹೊದಿಕೆ, ಪಕ್ಕದಲ್ಲಿ ಅತ್ತೆಯ ಕಬ್ಬಿಣದ ಕುರ್ಚಿ. ಮಾವನವರು ಬದುಕಿದ್ದಾಗ ಹಾಕಿಸಿದ ಫೋನು ಎಂದು ಅದಕ್ಕೆ ಆ ಮನೆಯಲ್ಲಿ ನನಗಿಂತ ಹೆಚ್ಚು ಮರ್ಯಾದೆ ಇತ್ತು. ಅತ್ತೆ ದಿನವೂ ಅದನ್ನು ಒರೆಸುತ್ತಿದ್ದರು. ನನ್ನ ಕಂಪ್ಯೂಟರಿನ ಮೇಲೆ ಕೂತ ಧೂಳು ಮಾತ್ರ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ.

ಇಂಟರ್ನೆಟ್ ಬರುತ್ತಿದ್ದುದೂ ಆ ಫೋನಿನ ತಂತಿಯಲ್ಲೇ. ಮೋಡೆಮ್ಮಿನ ಹಸಿರು ದೀಪ ಹತ್ತಿಕೊಳ್ಳಲು ದೇವರಿಗೆ ಹರಕೆ ಹೊರಬೇಕಾಗಿತ್ತು. ಹತ್ತಿದ ಮೇಲೂ ಭರವಸೆ ಇಲ್ಲ. ಫೋನು ಒಂದು ಸಲ ರಿಂಗಾದರೆ ಸಾಕು, ದೀಪ ಆರಿ ಇಂಟರ್ನೆಟ್ ಕಡಿದುಹೋಗುತ್ತಿತ್ತು. ಫೋನನ್ನೂ ಮೋಡೆಮ್ಮನ್ನೂ ಬೇರೆ ಮಾಡುವ ಒಂದು ಪುಟ್ಟ ಡಬ್ಬಿ ಕೆಟ್ಟಿತ್ತು. ಹೊಸದು ಕೇಳಿದರೆ ಲೈನ್‌ಮನ್ನಿನದು ಯಾವಾಗಲೂ ಒಂದೇ ಮಾತು: "ಸ್ಟಾಕ್ ಇಲ್ರಿ ಮೇಡಂ." ಅವನ ಮುಖ ನೋಡಿದರೆ ಹುಟ್ಟಿದಾಗಿನಿಂದ ಇದೊಂದೇ ಮಾತನ್ನು ಕಲಿತವನಂತಿದ್ದ.

ನನ್ನ ಹೊಟ್ಟೆಪಾಡು ಆ ದೀಪದ ಮೇಲಿತ್ತು. ಪುಣೆಯ ಒಂದು ಏಜೆನ್ಸಿ ಮರಾಠಿ ಕಾಗದಪತ್ರ ಕಳಿಸುತ್ತಿತ್ತು, ನಾನು ಕನ್ನಡ ಮಾಡಿ ಸಂಜೆಯೊಳಗೆ ವಾಪಸ್ ಕಳಿಸಬೇಕಾಗಿತ್ತು. ಹೆಚ್ಚಿನವು ಪಂಪ್‌ಸೆಟ್ಟಿನ ಕೈಪಿಡಿಗಳು. ಸತತವಾಗಿ ಮಳೆ ಕೈಕೊಟ್ಟಿದ್ದ ಕಾಲ ಅದು. ಓಣಿಗೆ ಓಣಿಯೇ ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡುತ್ತಿತ್ತು. ನಾನು ಬಾಗಿಲು ಹಾಕಿಕೊಂಡು "ಹೆಚ್ಚುವರಿ ನೀರನ್ನು ಹೊರಹಾಕುವ ವಿಧಾನ" ಎಂದು ಟೈಪ್ ಮಾಡುತ್ತಿದ್ದೆ. ಟೈಪ್ ಮಾಡಿದ್ದನ್ನು ಕಳಿಸಲು ಕೂತಾಗ, ಮುಕ್ಕಾಲು ಪಾಲು ಹೋಗಿರುವಾಗ, ನಡುಮನೆಯಲ್ಲಿ ಟ್ರಿಣ್ ಎಂದು ಒಂದೇ ಒಂದು ಸದ್ದು. ದೀಪ ಆರುತ್ತಿತ್ತು. ನಾನು ಹಲ್ಲು ಕಡಿಯುತ್ತಾ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದೆ.

ಫೋನನ್ನು ಯಾರೂ ಎತ್ತುತ್ತಿರಲಿಲ್ಲ. ಎತ್ತಬಾರದು ಎಂಬುದೇ ಕರಾರು. ಅತ್ತೆಯ ತವರು ಭಾಲ್ಕಿ ತಾಲೂಕಿನ ಮೆಹಕರ. ಆ ವರ್ಷಗಳಲ್ಲಿ ಅಲ್ಲಿನ ಅವರ ಬಳಗದವರು ಗಂಟುಮೂಟೆ ಕಟ್ಟಿಕೊಂಡು ಹೈದರಾಬಾದಿಗೆ, ಪುಣೆಗೆ, ಕಬ್ಬು ಕಡಿಯಲು ಮಹಾರಾಷ್ಟ್ರದ ಹೊಲಗಳಿಗೆ ಹೊರಟಿದ್ದರು. ಬೀದರಿನಲ್ಲಿ ಬಸ್ಸು ಬದಲಿಸುವವರೆಲ್ಲ ನಮ್ಮ ಮನೆಗೆ ಬಂದು ಚಹಾ ಕುಡಿದು, ಫೋನ್ ನಂಬರನ್ನು ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಎಲ್ಲಿಂದಾದರೂ ಫೋನ್ ಹಚ್ಚಬೇಕು, ಒಂದು ರಿಂಗಾದ ಕೂಡಲೇ ಕಟ್ ಮಾಡಬೇಕು. ಚೆನ್ನಾಗಿದ್ದೇವೆ ಎಂದು ಅದರ ಅರ್ಥ. ಖರ್ಚಿಲ್ಲ. ರಿಂಗು ನಿಲ್ಲದೆ ಹೊಡೆದುಕೊಳ್ಳುತ್ತಿದ್ದರೆ ಮಾತ್ರ ಏನೋ ಆಗಿದೆ, ಆಗ ಎತ್ತಬೇಕು. ಯಾರ ಮನೆಯವರು ಯಾವ ಹೊತ್ತಿಗೆ ಎಂಬುದನ್ನು ಅತ್ತೆ ತಲೆಯಲ್ಲಿಟ್ಟುಕೊಂಡು, ಕುರ್ಚಿಯಲ್ಲಿ ಕೂತು ಒಂದೊಂದು ಸದ್ದಿಗೂ ಗೋಣು ಹಾಕುತ್ತಿದ್ದರು.

ಒಂದು ಸಂಜೆ ತಲೆ ಕೆಟ್ಟು ನಾನೇ ಹೋಗಿ ಎತ್ತಿಬಿಟ್ಟೆ. ಆ ಕಡೆಯವನು ಗಾಬರಿಯಿಂದ ಹಲೋ ಅನ್ನುವಷ್ಟರಲ್ಲಿ ಅತ್ತೆ ನನ್ನ ಕೈಯಿಂದ ಅದನ್ನು ಕಿತ್ತುಕೊಂಡು ಇಟ್ಟರು.

"ಆ ಬಡವನ ರೊಕ್ಕ ಕಟ್ ಆಯ್ತಲ್ಲಬೇ! ಚಲೋ ಅದೇವಿ ಅಂತ ಹೇಳಿದ ಮ್ಯಾಲ ಮತ್ತ ಎತ್ತಿ ಏನ ಕೇಳ್ತಿ?"

"ನನ್ನ ಕೆಲಸ ಹಾಳಾಗ್ತದ್ರಿ ಅತ್ತಿ."

"ನಿನ್ನ ಕೆಲಸ ನಾಳಿಗೂ ಆಗ್ತದ," ಎಂದು ಅವರು ಹೊದಿಕೆ ಸರಿಮಾಡಿದರು. ಅಂದು ರಾತ್ರಿ ನಾವಿಬ್ಬರೂ ಬೇರೆ ಬೇರೆ ಹೊತ್ತಿಗೆ ಊಟ ಮಾಡಿದೆವು.

ಕಾಲಕ್ರಮೇಣ ಒಬ್ಬೊಬ್ಬರೇ ಮೊಬೈಲ್ ತೆಗೆದುಕೊಂಡರು, ಕೆಲವರು ಊರಿಗೆ ವಾಪಸ್ ಬಂದರು. ರಿಂಗುಗಳು ಕಡಿಮೆಯಾಗುತ್ತಾ ಬಂದು ಕೊನೆಗೆ ಒಂದೇ ಉಳಿಯಿತು. ಅದು ಅತ್ತೆಯ ತಂಗಿಯ ಮಗಳದು. ಕಾಲೇಜು ಓದಲು ಎರಡು ವರ್ಷ ಅವಳು ನಮ್ಮ ಮನೆಯಲ್ಲೇ ಇದ್ದಳು. ನನಗೆ ಅವಳೆಂದರೆ ಅಷ್ಟಕ್ಕಷ್ಟೆ. ನನ್ನ ತೆಂಗಿನೆಣ್ಣೆ ಖಾಲಿ ಮಾಡುತ್ತಿದ್ದಳು, ಅತ್ತಿಗೆಯಾದ ನಾನು ಬೈದರೆ "ವೈನಿ ಸಿಟ್ಟಾದ್ರ ಚಂದ ಕಾಣ್ತಾರ" ಎಂದು ನಗುತ್ತಿದ್ದಳು. ಪರೀಕ್ಷೆ ಮುಗಿಯುವುದನ್ನೇ ಕಾಯುತ್ತಿದ್ದ ಅವಳ ತಾಯಿ ಔರಾದ ಕಡೆಯ ಒಬ್ಬ ಗೌಂಡಿಗೆ ಕೊಟ್ಟು ಮದುವೆ ಮಾಡಿ ಕೈತೊಳೆದುಕೊಂಡಳು. ಗಾರೆ ಕೆಲಸಕ್ಕೆಂದು ಗಂಡ ಅವಳನ್ನು ಹೈದರಾಬಾದಿಗೆ ಕರೆದುಕೊಂಡು ಹೋದ. ತಾಯಿ ತಾನೂ ಕಬ್ಬು ಕಡಿಯುವವರ ಟೋಳಿಯ ಜೊತೆ ಹೋದವಳು ಹಂಗಾಮು ಮುಗಿದರೂ ಮರಳಲಿಲ್ಲ, ಮೆಹಕರದ ಮನೆಗೆ ಬೀಗ ಬಿತ್ತು.

ಪಂಚಮಿ ಹಬ್ಬಕ್ಕೆ ತಾಯಿಯ ಮನೆಗೆ ಬೀಗ ಇದ್ದುದರಿಂದ ನನ್ನ ಗಂಡನೇ ಅಣ್ಣನಾಗಿ ಹೋಗಿ, ಔರಾದ ಕಡೆಯ ಗಂಡನ ಮನೆಗೆ ಬಂದಿದ್ದ ಅವಳನ್ನು ನಮ್ಮಲ್ಲಿಗೆ ಕರೆತಂದರು. ಎಣ್ಣೆ ಹಚ್ಚಿ ತಲೆ ಎರೆಯುವಾಗ ಬೆನ್ನಿನ ಮೇಲಿನ ಬಾಸುಂಡೆ ಕಂಡಿತು. ನಾನೇ ಮೊದಲು ನೋಡಿದ್ದು. ಕೇಳಿದರೆ ಮೆಟ್ಟಿಲಿನಿಂದ ಬಿದ್ದೆ ಎಂದಳು. ಬೆನ್ನಿಗೆ ಅಡ್ಡಡ್ಡ ಗೆರೆ ಬೀಳುವಂಥ ಮೆಟ್ಟಿಲು ನಾನೆಲ್ಲೂ ಕಂಡಿರಲಿಲ್ಲ. ನಾನು ಅತ್ತೆಯನ್ನು ಕರೆದೆ. ಒಮ್ಮೆ ತಾಯಿಯ ಮನೆಗೆ ಓಡಿಬಂದಿದ್ದಳಂತೆ, ತಾಯಿ ಎರಡನೆಯ ದಿನವೇ ವಾಪಸ್ ಬಸ್ಸು ಹತ್ತಿಸಿದ್ದಳಂತೆ. ಅದೆಲ್ಲ ಆಗ ಹೊರಬಿತ್ತು.

"ಇಲ್ಲೇ ಇರು," ಎಂದರು ಅತ್ತೆ.

"ಹಬ್ಬಕ್ಕಂತ ಬಂದೀನಿ. ಹೋಗಲಿಲ್ಲಂದ್ರ ಮಂದಿ ಏನಂತಾರ ದೊಡ್ಡವ್ವ? ಒಂದ್ಸಲ ನೋಡ್ತೇನಿ," ಎಂದಳು. "ಆದ್ರ ಕರೀಲಾರದಽ ನಾ ಯಾರ ಮನಿಗೂ ಹೋಗಲ್ಲ. ಒಮ್ಮಿ ಹೋಗಿ ನೋಡೀನಿ."

"ಹಂಗಾರ ಕೇಳು. ಇನ್ನೊಮ್ಮಿ ಅವ ಕೈ ಮಾಡಿದ್ರ ಫೋನ್ ಹಚ್ಚು. ಕಟ್ ಮಾಡಬ್ಯಾಡ, ಹೊಡಕೊಳ್ಳಿ. ನಾ ಎತ್ತತೇನಿ. ಬರ್ಲೇನ್ ಅಂತ ಕೇಳು, ಬಾ ಅಂತೇನಿ. ನಿಮ್ಮಣ್ಣ ಬಸ್‌ ಸ್ಟ್ಯಾಂಡಿಗಿ ಬರ್ತಾನ."

ಅವಳು ಗೋಣು ಹಾಕಿದಳು. ನಮ್ಮ ಮೊಬೈಲ್ ನಂಬರುಗಳನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಬೇಡ ಎಂದಳು, ಅಂಥ ಚೀಟಿ ಸಿಕ್ಕಿದರೆ ಗಂಡ ಹರಿದುಹಾಕುತ್ತಾನಂತೆ. ಮನೆಯ ಫೋನಿನ ನಂಬರು ಅವಳಿಗೆ ಕಾಲೇಜಿನ ದಿನಗಳಿಂದಲೂ ಬಾಯಿಗೆ ಬರುತ್ತಿತ್ತು. ಗಂಡ ಕೆಲಸ ಮಾಡುವ ಕಟ್ಟಡದ ಎದುರಿಗಿದ್ದ ಕಿರಾಣಿ ಅಂಗಡಿಯವಳ ಮೊಬೈಲಿನಿಂದ ಹಚ್ಚುತ್ತೇನೆ ಎಂದಳು. ಹಬ್ಬ ಮುಗಿಸಿ ಹೋದಳು. ಮಾರನೆಯ ಸಂಜೆಯಿಂದ ಮತ್ತೆ ಆ ಒಂದು ಟ್ರಿಣ್, ಮತ್ತೆ ನನ್ನ ಮೋಡೆಮ್ಮಿನ ದೀಪ ಆರುವುದು. ನಿಜ ಹೇಳುತ್ತೇನೆ, ಅವಳು ಚೆನ್ನಾಗಿದ್ದಾಳೆ ಎಂಬ ಸಮಾಧಾನಕ್ಕಿಂತ ನನಗೆ ಸಿಟ್ಟೇ ಹೆಚ್ಚು ಬರುತ್ತಿತ್ತು.

ಹೀಗಿರುವಾಗ ಕೇಬಲ್‌ನವನು ಬಂದ. ಮೊದಲು ಓಣಿಯ ಮನೆಗಳಿಗೆ ಟಿವಿ ಕೇಬಲ್ ಕೊಡುತ್ತಿದ್ದವನು, ಈಗ ಅದರಲ್ಲೇ ಇಂಟರ್ನೆಟ್ಟೂ ಕೊಡುತ್ತೇನೆಂದು ಹೊರಟಿದ್ದ. ಚಪ್ಪಲಿ ಕಳಚದೆ ನಡುಮನೆಯವರೆಗೆ ಬಂದು ನಿಂತು, ಬೆರಳಿಗೊಂದು ಉಂಗುರ ತೋರಿಸುತ್ತಾ ಮಾತಾಡಿದ.

"ಫೋನಿನ ತಂತಿ ಮ್ಯಾಲ ನೆಟ್ ಅಂದ್ರ ಎತ್ತಿನ ಗಾಡಿ ಮೇಡಂ. ಇದು ಫಸ್ಟ್ ಕ್ಲಾಸ್ ನಡೀತದ. ನೀವು ಟೆನ್ಷನ್ ತಗೋಬ್ಯಾಡ್ರಿ, ನನ್ನ ಮ್ಯಾಲ ಬಿಡ್ರಿ."

ಅವನನ್ನು ನೋಡಿದರೆ ಒಂದು ಚಹಾದ ಕಪ್ಪನ್ನೂ ನಂಬಿ ಕೊಡುವಂತಿರಲಿಲ್ಲ. ಆದರೆ ಏಜೆನ್ಸಿಯವರು ಇನ್ನೊಮ್ಮೆ ತಡವಾದರೆ ಕೆಲಸ ಬೇರೆಯವರಿಗೆ ಎಂದು ಬರೆದಿದ್ದರು. ನಾನು ಹೂಂ ಅಂದೆ. ಊರ ಹೊರಗಿನ ಕೊಳಾರದ ಗೋದಾಮಿನಲ್ಲಿ ಮ್ಯಾನೇಜರ್ ಆಗಿದ್ದ ನನ್ನ ಗಂಡ, ಮನೆಯಲ್ಲಿ ಜಗಳ ಕಡಿಮೆಯಾಗುವುದಾದರೆ ಯಾವ ತಂತಿಗೂ ಸಿದ್ಧ ಎಂಬಂತಿದ್ದರು. ಅತ್ತೆ ಮಾತ್ರ ಕುರ್ಚಿಯಿಂದ ಏಳಲಿಲ್ಲ.

"ಫೋನ್ ಹೋಗಂಗಿಲ್ಲಲ್ಲ?"

"ಇಲ್ರಿ ಅಮ್ಮೋರೆ, ಫೋನ್ ಬ್ಯಾರೆ, ನೆಟ್ ಬ್ಯಾರೆ."

ಅವನು ಹೋದ ಮೇಲೆ ಅದನ್ನೇ ನನಗೆ ಕೇಳಿದರು. ಸಂಜೆ ಮಗನಿಗೆ ಕೇಳಿದರು. ಮಲಗುವ ಮುಂಚೆ ಮತ್ತೆ ನನಗೆ ಕೇಳಿದರು. "ಹೋಗಂಗಿಲ್ಲ ಅಂದೇನಲ್ರಿ!" ಎಂದು ನಾನು ಕಿರುಚಿದೆ.

ಟೆಲಿಫೋನ್ ಆಫೀಸಿಗೂ ನಾನೇ ಹೋದೆ. ಬ್ರಾಡ್‌ಬ್ಯಾಂಡ್ ತೆಗೆಯಿರಿ, ಫೋನು ಇರಲಿ ಎಂದು ಹೇಳಲು. ಕಿಟಕಿಯ ಹಿಂದಿನವರು ತಲೆ ಎತ್ತದೆ, "ಎರಡೂ ತೆಗೀರಿ, ಈಗ ಲ್ಯಾಂಡ್‌ಲೈನ್ ಯಾರು ಇಟ್ಕೋತಾರ?" ಎಂದರು. ನಮ್ಮ ಮನೆಯಲ್ಲಿ ಇಟ್ಟುಕೊಳ್ಳುವವರೊಬ್ಬರಿದ್ದಾರೆ, ಬೇಕಾದರೆ ಕರೆದುಕೊಂಡು ಬರುತ್ತೇನೆ ಎಂದೆ. ಸುಮ್ಮನೆ ಬರೆದುಕೊಂಡರು. ಫೋನಿಗಾಗಿ ಆವತ್ತು ನಾನು ಜಗಳವಾಡಿದ್ದೆ ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ, ಆಮೇಲೆ ಯಾರೂ ಅದನ್ನು ನೆನಪಿಸಿಕೊಳ್ಳಲಿಲ್ಲ.

ಕೇಬಲ್ ಹಾಕುವ ಹುಡುಗರು ಏಣಿ ತಂದು ಮಾಳಿಗೆ ಹತ್ತಿದ ದಿನವೇ ಓಣಿಗೆ ಟ್ಯಾಂಕರ್ ಬಂತು. ಕಾದು ಕಾದು ಸಾಕಾಗಿದ್ದ ನೀರು. ಆ ವರ್ಷ ಟ್ಯಾಂಕರಿನ ಸದ್ದು ಕೇಳಿದರೆ ಒಲೆಯ ಮೇಲಿನ ಹಾಲನ್ನೂ ಬಿಟ್ಟು ಓಡುತ್ತಿದ್ದೆವು. ಅತ್ತೆ, ನಾನು ಕೊಡಗಳನ್ನು ಎತ್ತಿಕೊಂಡು ಓಡಿದೆವು. ಪೈಪಿಗಾಗಿ ಪಕ್ಕದ ಮನೆಯವಳ ಜೊತೆ ನನಗೆ ಜಗಳವಾಯಿತು, ಅವಳು ನನ್ನ ಕೊಡ ಒದ್ದಳು, ನಾನು ಅವಳದನ್ನು ಒದ್ದೆ. ಅರ್ಧ ನೀರು ರಸ್ತೆಗೆ, ಅರ್ಧ ಸೀರೆಗೆ ಆಗಿ ವಾಪಸ್ ಬರುವಷ್ಟರಲ್ಲಿ ಹುಡುಗರು ಕೆಲಸ ಮುಗಿಸಿ ಏಣಿ ಹೊತ್ತುಕೊಂಡು ಹೊರಟಿದ್ದರು. ಮೇಲೆ ಹೋಗಿ ಏನು ಮಾಡಿದ್ದಾರೆ ಎಂದು ನೋಡುವ ತ್ರಾಣ ನಮ್ಮಿಬ್ಬರಲ್ಲೂ ಇರಲಿಲ್ಲ.

ಇಂಟರ್ನೆಟ್ ಮಾತ್ರ ಅವನು ಹೇಳಿದಂತೆಯೇ ನಡೆಯಿತು. ಫೈಲುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತಿದ್ದವು. ಸಂಜೆ ಯಾವುದೂ ಕಡಿಯುತ್ತಿರಲಿಲ್ಲ. ನಾನು ಖುಷಿಯಲ್ಲಿದ್ದೆ, ಏಜೆನ್ಸಿಯವರು ಇನ್ನಷ್ಟು ಪಂಪ್‌ಸೆಟ್ ಕಳಿಸಿದರು.

"ಇವತ್ತ ಆಕಿ ರಿಂಗ್ ಬರಲಿಲ್ಲ," ಎಂದರು ಅತ್ತೆ ಒಂದು ಸಂಜೆ, ರೊಟ್ಟಿ ಬಡಿಯುತ್ತಾ.

"ಮರತಿರಬೇಕ್ರಿ."

ಮರುದಿನ ಮತ್ತೆ ಅದನ್ನೇ ಹೇಳಿದರು. ನಾನು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, "ಅಂಗಡಿಯವಳು ಊರಿಗಿ ಹೋಗಿರಬೇಕು, ಇಲ್ಲಾ ಆಕಿ ಗಂಡ ಒಂದು ಮೊಬೈಲ್ ಕೊಡಿಸಿರಬೇಕು" ಎಂದೆ. ಹಿಂದೆಯೂ ಒಂದೊಂದು ಸಂಜೆ ತಪ್ಪಿದ್ದುಂಟು. ಆದರೆ ಈ ಸಲ ಸಂಜೆಯ ಮೇಲೆ ಸಂಜೆ ತಪ್ಪುತ್ತಾ ಹೋಯಿತು. ಅತ್ತೆ ಚಹಾ ಕುಡಿಯಲೂ ಕುರ್ಚಿ ಬಿಟ್ಟು ಏಳದಾದರು. ಬಚ್ಚಲಿಗೆ ಹೋಗುವಾಗ ನನ್ನನ್ನು ಕರೆದು ಕೂರಿಸಿ ಹೋಗುತ್ತಿದ್ದರು.

ಇಷ್ಟು ದಿನ ಒಬ್ಬರಾದರೂ ಆ ಫೋನನ್ನು ಎತ್ತಿ ಕಿವಿಗೆ ಹಿಡಿದು ನೋಡಲಿಲ್ಲವೇ ಎಂದು ಕೇಳಬಹುದು. ಇಲ್ಲ. ವರ್ಷಗಟ್ಟಲೆ ಎತ್ತದೆ ಎತ್ತದೆ, ಅದು ಎತ್ತುವ ವಸ್ತು ಎಂಬುದೇ ನಮಗೆ ಮರೆತುಹೋಗಿತ್ತು. ನಾವು ಯಾರಿಗಾದರೂ ಮಾತಾಡಬೇಕಾದರೆ ಮೊಬೈಲಿನಿಂದ ಮಾತಾಡುತ್ತಿದ್ದೆವು. ಅತ್ತೆಗಂತೂ ಎತ್ತುವ ಭಯವೇ ಇತ್ತು. ತಾನು ಎತ್ತಿ ಹಿಡಿದ ಹೊತ್ತಿನಲ್ಲೇ ಅವಳು ಹಚ್ಚಿದರೆ ಬಿಜಿ ಬರುತ್ತದಲ್ಲ ಎಂದು. ಇನ್ನು ಮೊದಲಾಗಿದ್ದರೆ ತಂತಿಗೆ ಏನಾದರೂ ಆದ ಗಳಿಗೆಯಲ್ಲೇ ನನ್ನ ಮೋಡೆಮ್ಮಿನ ದೀಪ ಆರಿ, ನಾನು ಮನೆ ಹಾರಿಹೋಗುವಂತೆ ಕೂಗುತ್ತಿದ್ದೆ. ಈಗ ನನ್ನ ದೀಪ ಬೇರೆ ತಂತಿಯಲ್ಲಿ ಸುಖವಾಗಿ ಉರಿಯುತ್ತಿತ್ತು.

ಅತ್ತೆ ಮಗನಿಗೆ ಗಂಟುಬಿದ್ದರು. "ಹೈದರಾಬಾದಿಗಿ ಹೋಗಿ ನೋಡಿ ಬಾ."

"ಹೈದರಾಬಾದ್ನಾಗ ಎಲ್ಲಿ ನೋಡ್ಲಿ ಅವ್ವ? ಕಟ್ಟೂ ಬಿಲ್ಡಿಂಗ್ ಒಂದ ಅದಾವೇನು?"

ಕೊನೆಗೆ ನನ್ನ ಗಂಡ ಮೊಬೈಲಿನಿಂದ ಔರಾದ ಕಡೆಯ ಬೀಗರಿಗೆ ಫೋನ್ ಮಾಡಿ ಕೇಳಿದರು. ಗಂಡ ಹೆಂಡತಿ ಆರಾಮಾಗಿದ್ದಾರೆ, ನಿಮಗ್ಯಾಕೆ ಚಿಂತೆ ಎಂದು ಆ ಕಡೆಯಿಂದ ಅತ್ತೆಯ ವಾರಗೆಯ ಹೆಂಗಸೊಬ್ಬಳು ಖಾರವಾಗಿ ಹೇಳಿ ಇಟ್ಟಳು. ನಾನೂ ಖಾರವಾಗಿಯೇ ಹೇಳಿದೆ, "ಕೇಳಿದ್ರಲ್ರಿ? ಸುಮ್ಮ ಆಕಿ ಸಂಸಾರದಾಗ ತಲಿ ಹಾಕಬ್ಯಾಡ್ರಿ." ಅತ್ತೆ ನನ್ನನ್ನೇ ನೋಡಿದರು. "ಬೆನ್ನ ನೋಡಿದಾಕಿ ನೀನಲ್ಲೇನು?" ಎಂದರು. ನಾನು ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಬಂದ ಮೇಲೂ ಇಂಟರ್ನೆಟ್ ಬರಲಿಲ್ಲ. ಕೇಬಲ್‌ನವನನ್ನು ಬೈಯಬೇಕೆಂದರೆ ನನ್ನ ಮೊಬೈಲಿನಲ್ಲಿ ಚಾರ್ಜ್ ಇರಲಿಲ್ಲ. ಅತ್ತೆ ಹೊರಗೆ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದರು. ನಾನು ಹೊದಿಕೆ ಸರಿಸಿ ಫೋನ್ ಎತ್ತಿ ಕಿವಿಗೆ ಹಿಡಿದೆ. ಸದ್ದೇ ಇಲ್ಲ. ಕೆಳಗಿಟ್ಟು ಮತ್ತೆ ಎತ್ತಿದೆ. ಆಮೇಲೆ ಎರಡೆರಡು ಮೆಟ್ಟಿಲು ಹಾರುತ್ತಾ ಮಾಳಿಗೆಗೆ ಹೋದೆ.

ಕಂಬದಿಂದ ನಮ್ಮ ಮನೆಗೆ ಬರುತ್ತಿದ್ದ ಟೆಲಿಫೋನ್ ತಂತಿಯನ್ನು ಕೊಕ್ಕೆಯ ಹತ್ತಿರವೇ ಕತ್ತರಿಸಿದ್ದರು. ಆ ಕೊಕ್ಕೆಯಲ್ಲಿ ಈಗ ಕಪ್ಪು ಕೇಬಲ್ ನೇತಾಡುತ್ತಿತ್ತು. ಕೇಬಲ್ ಜೋಲಬಾರದೆಂದು ಅದನ್ನು ಬಿಗಿದು ಕಟ್ಟಿದ್ದುದು ನಮ್ಮ ಟೆಲಿಫೋನ್ ತಂತಿಯ ತುಂಡಿನಿಂದಲೇ. ಬಿಸಿಲಿಗೆ ಕಾದ ಮಾಳಿಗೆಯ ಮೇಲೆ ಬರಿಗಾಲಲ್ಲಿ ನಿಂತು ನಾನು ಅದನ್ನು ನೋಡಿದೆ. ಕೆಳಗಿನಿಂದ ಅತ್ತೆ, "ಏನಾತಬೇ?" ಎಂದು ಕೂಗಿದರು. ನನಗೆ ಜೀವನದಲ್ಲಿ ಮೊದಲ ಬಾರಿಗೆ ಅವರಿಗೆ ಉತ್ತರ ಕೊಡಲು ಹೆದರಿಕೆಯಾಯಿತು.

ಕೇಬಲ್‌ನವನ ಅಂಗಡಿಗೆ ಹೋಗಿ ಬಾಯಿಗೆ ಬಂದಂತೆ ಬೈದೆ. ಅವನು ಗಿರಾಕಿಗಳೆದುರು ನಗುತ್ತಾ ನಿಂತಿದ್ದ.

"ನೆಟ್ ಬದಲಿ ಮಾಡಿದ್ರಿ ಅಂತ ಹುಡುಗ್ರು ಹಳೀ ವೈರ್ ತಗದಾರ್ರಿ ಮೇಡಂ. ಎಲ್ಲಾರ ಮನ್ಯಾಗೂ ಹಂಗೇ ತಗೀತೇವಿ. ಇದೊಂದು ದೊಡ್ಡ ಮಾತೇನ್ರಿ?"

"ಫೋನ್ ಬ್ಯಾರೆ, ನೆಟ್ ಬ್ಯಾರೆ ಅಂದಾಂವ ನೀನಲ್ಲೇನು?"

"ಅಂದಿರಬೇಕ್ರಿ," ಎಂದ. ಅವನ ಮುಖಕ್ಕೆ ಉಗುಳದೆ ಬಂದದ್ದಕ್ಕೆ ನನಗೆ ಇವತ್ತಿಗೂ ಬೇಸರವಿದೆ.

ಟೆಲಿಫೋನಿನ ಲೈನ್‌ಮನ್ ಎರಡು ದಿನ ಸತಾಯಿಸಿ ಬಂದ. ಈ ಸಲ ತಂತಿ ಸ್ಟಾಕ್ ಇತ್ತು. ಜೋಡಿಸಿ, ಬೀಡಿ ಹಚ್ಚಿಕೊಂಡು ಕೆಳಗಿಳಿದವನಿಗೆ ಅತ್ತೆ ಕೇಳಿದರು, "ತಂತಿ ಕಡದಾಗ ಯಾರರ ಫೋನ್ ಹಚ್ಚಿದ್ರ ಅವರಿಗಿ ಗೊತ್ತಾಗ್ತದಲ್ಲ, ಲೈನ್ ಬಂದ್ ಅದ ಅಂತ?"

"ಅವ್ರಿಗ್ಹ್ಯಾಂಗ ಗೊತ್ತಾಗ್ತದ್ರಿ? ಅವ್ರಿಗಿ ರಿಂಗ್ ಹೋಗೇ ಹೋಗ್ತದ. ಇಲ್ಲಿ ಹೊಡಕೊಳಂಗಿಲ್ಲ, ಅಷ್ಟೇ. ಮನ್ಯಾಗ ಯಾರೂ ಎತ್ತವಲ್ರು ಅಂತ ತಿಳ್ಕೋತಾರ," ಎಂದು ಅವನು ಸೈಕಲ್ ಹತ್ತಿ ಹೋದ.

ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡು ಅಲ್ಲೇ ಕೂತರು. ನಾನು ನೀರು ಕೊಟ್ಟರೆ ಲೋಟವನ್ನು ಕೈಯಿಂದ ತಳ್ಳಿದರು. ನೀರು ಚೆಲ್ಲಿತು. ನೀರು ಚೆಲ್ಲಿದ್ದಕ್ಕೆ ಆ ವರ್ಷ ಮೊದಲ ಸಲ ನಾನು ಯಾರಿಗೂ ಬೈಯಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ನಾವು ಮೂವರೂ ಆ ಫೋನಿನ ಎದುರು ಕೂತೆವು. ಅದು ಹೊಡೆದುಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆಯೂ ನನ್ನ ಗಂಡನೂ ಔರಾದ ಕಡೆಗೆ ಹೊರಟರು. ಬೀಗರ ಮನೆಯಲ್ಲಿ ಜಗಳವಾಡಿ, ಕಟ್ಟಡದ ಗುರುತು ಹೇಳಿಸಿಕೊಂಡು ಅಲ್ಲಿಂದ ಹೈದರಾಬಾದಿಗೆ ಹೋದರು. ಕಟ್ಟಡ ಸಿಕ್ಕಿತು, ಎದುರಿಗೆ ಕಿರಾಣಿ ಅಂಗಡಿಯೂ ಇತ್ತು. ಅಂಗಡಿಯವಳು ಹೇಳಿದಳಂತೆ: ಆ ಹುಡುಗಿ ಕೈ ಮುರಿದುಕೊಂಡು ಬಂದಿದ್ದಳು, ಸಂಜೆ ಹೊತ್ತು ನನ್ನ ಫೋನಿನಿಂದ ಹಚ್ಚುತ್ತಿದ್ದಳು, ಬಹಳ ಹೊತ್ತು ಹಿಡಿದುಕೊಂಡು ನಿಲ್ಲುತ್ತಿದ್ದಳು, ಆಮೇಲೆ ಫೋನು ವಾಪಸ್ ಕೊಟ್ಟು ಗಂಡನ ಹಿಂದೆಯೇ ಶೆಡ್ಡಿಗೆ ಹೋಗುತ್ತಿದ್ದಳು. ಆ ಕೆಲಸ ಮುಗಿದು ಗುತ್ತಿಗೆದಾರ ಎಲ್ಲರನ್ನೂ ಲಾರಿಯಲ್ಲಿ ಮುಂಬೈ ಕಡೆಗೆ ಕರೆದೊಯ್ದಿದ್ದ. ಎಲ್ಲಿಗೆ ಎಂದು ಅಂಗಡಿಯವಳಿಗೆ ಗೊತ್ತಿರಲಿಲ್ಲ.

ವಾಪಸ್ ಬಂದ ಅತ್ತೆ ನನ್ನ ಜೊತೆ ಮಾತು ಬಿಟ್ಟರು. ನಾನು ತಂತಿ ಕತ್ತರಿಸಿಲ್ಲ ಎಂದು ಗೋಡೆಗೂ ಅಡುಗೆಮನೆಯ ಪಾತ್ರೆಗಳಿಗೂ ಹೇಳಿದೆ. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ನನಗೆ ಅವರ ಮೇಲೆ ಸಿಟ್ಟಿತ್ತು, ಕೇಬಲ್‌ನವನ ಮೇಲೆ, ಆ ಗೌಂಡಿಯ ಮೇಲೆ, ಮಗಳನ್ನು ವಾಪಸ್ ಕಳಿಸಿದ ಆ ತಾಯಿಯ ಮೇಲೆ ಸಿಟ್ಟಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಆ ಹುಡುಗಿಯ ಮೇಲೆ. ಬೀದರಿಗೆ ಬಸ್ಸಿರಲಿಲ್ಲವೇ? ಹೇಳದೆ ಕೇಳದೆ ಬಂದು ಬಾಗಿಲು ತಟ್ಟಿದ್ದರೆ ನಾನು ಹೊರಗೆ ಹಾಕುತ್ತಿದ್ದೆನೇ? ಹೀಗೆ ನನ್ನಷ್ಟಕ್ಕೆ ನಾನು ಕೇಳಿಕೊಳ್ಳುತ್ತಿದ್ದೆ. ಆದರೆ ತಾಯಿಯ ಬಾಗಿಲು ತಟ್ಟಿ ನೋಡಿದವಳಿಗೆ ಇನ್ನೊಂದು ಬಾಗಿಲು ತಟ್ಟಲು ಎಷ್ಟು ಧೈರ್ಯ ಬೇಕು ಎಂಬುದು ನನಗೆ ಗೊತ್ತಿತ್ತು, ಅದಕ್ಕೇ ಸಿಟ್ಟು ಇಳಿಯುತ್ತಿರಲಿಲ್ಲ.

ಮುಂದೆ ಮಳೆ ಬಂತು. ಹೋದವರಲ್ಲಿ ಕೆಲವರು ಬಂದರು, ಹಲವರು ಬರಲಿಲ್ಲ. ಅವಳನ್ನು ನಾವು ಮತ್ತೆ ನೋಡಿದ್ದು ಭಾಲ್ಕಿಯಲ್ಲಿ, ಬಳಗದವರೊಬ್ಬರ ಮದುವೆಯಲ್ಲಿ. ಹೆಂಗಸರ ನಡುವೆ ಕೂತಿದ್ದಳು, ಮಡಿಲಲ್ಲಿ ಒಂದು ಮಗು. ಮಗುವನ್ನು ಹಿಡಿದುಕೊಂಡಿದ್ದ ಎಡಗೈ ಮೊಣಕೈ ಹತ್ತಿರ ಸೊಟ್ಟಗೆ ಕೂಡಿಕೊಂಡಿತ್ತು. ಗಂಡನ ಜೊತೆಯೇ ಬಂದಿದ್ದಳು. ಅವನು ಹೊರಗೆ ಗಂಡಸರ ಜೊತೆ ಎಲೆ ಅಡಿಕೆ ಹಾಕಿಕೊಂಡು ನಗುತ್ತಿದ್ದ.

ಅತ್ತೆ ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಅವಳ ಮುಂದೆ ಕುಕ್ಕರಿಸಿದರು. ಅವಳು ಮಗುವನ್ನು ಕೆಳಗಿಟ್ಟು ಕಾಲಿಗೆ ನಮಸ್ಕರಿಸಿದಳು. ನನಗೂ ನಮಸ್ಕರಿಸಿದಳು. ನಾನು ಸಿಟ್ಟಾದರೆ ಚಂದ ಎಂದು ನಗುತ್ತಿದ್ದ ಹುಡುಗಿ ನನ್ನ ಮುಖ ನೋಡಲಿಲ್ಲ.

"ತಂತಿ ಕಡದಿತ್ತವ್ವಾ," ಎಂದರು ಅತ್ತೆ. "ನಮಗ ಗೊತ್ತಽ ಆಗಲಿಲ್ಲ. ನಾ ಕುರ್ಚಿ ಬಿಟ್ಟು ಎದ್ದಿಲ್ಲ, ನಿನ್ನಾಣಿ."

ಅವಳು ಶಾಂತವಾಗಿ ಕೇಳಿಸಿಕೊಂಡಳು. "ಕಡದಿದ್ರ ರಿಂಗ್ ಹ್ಯಾಂಗ ಹೋಗ್ತದ್ರಿ ದೊಡ್ಡವ್ವ? ನಾ ಕೇಳೀನಿ. ಅದು ತಾನಾ ನಿಲ್ಲೂತನ ಕೇಳೀನಿ. ಮೂರು ಸಂಜಿ."

ಮೊದಲೆಲ್ಲ ಅತ್ತೆಯನ್ನು ನೀನು ಎನ್ನುತ್ತಿದ್ದವಳು ಈಗ ರಿ ಹಚ್ಚಿ ಮಾತಾಡುತ್ತಿದ್ದಳು. ನಾನು ಮಧ್ಯೆ ಬಾಯಿ ಹಾಕಿದೆ. ಕೇಬಲ್‌ನವರು ಕತ್ತರಿಸಿದ್ದು, ಮನೆಯಲ್ಲಿ ಸದ್ದಾಗದಿದ್ದರೂ ಹಚ್ಚಿದವರಿಗೆ ರಿಂಗು ಕೇಳಿಸುತ್ತದೆ ಎಂದು ಲೈನ್‌ಮನ್ ಹೇಳಿದ್ದು, ಎಲ್ಲವನ್ನೂ ಬಿಡಿಸಿ ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನ ಮಾತು ನನಗೇ ಸುಳ್ಳಿನಂತೆ ಕೇಳತೊಡಗಿತು. ಸುತ್ತ ಕೂತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

"ಇರಲಿ ಬಿಡ್ರಿ ವೈನಿ," ಎಂದಳು ಅವಳು. "ನಿಮ್ಮ ಮನಿ, ನಿಮ್ಮ ಫೋನು."

ನನಗೆ ಅವಳನ್ನು ಹಿಡಿದು ಅಲ್ಲಾಡಿಸಬೇಕೆನ್ನಿಸಿತು, ಕೂಗಬೇಕೆನ್ನಿಸಿತು. ಅತ್ತೆ ಅವಳ ಸೊಟ್ಟ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ಸವರುತ್ತಿದ್ದರು.

"ನಿನ್ನ ಮೊಬೈಲ್ ನಂಬರರ ಕೊಡವ್ವಾ. ದಿನಾ ಸಂಜಿಗಿ ನಾನಽ ಹಚ್ಚತೇನಿ."

ಅವಳ ಮಡಿಲ ಪಕ್ಕದಲ್ಲೇ ಮೊಬೈಲ್ ಇತ್ತು, ಮಗು ಅದನ್ನು ಬಾಯಿಗೆ ಹಾಕಿಕೊಳ್ಳುತ್ತಿತ್ತು. ಅವಳು ಅದನ್ನು ಮಗುವಿನ ಬಾಯಿಂದ ಬಿಡಿಸಿ, ಒರೆಸಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮಗುವನ್ನು ಎತ್ತಿಕೊಂಡು ಎದ್ದಳು. ಊಟದ ಪಂಕ್ತಿಗೆ ಕರೆಯುತ್ತಿದ್ದರು.

"ಬ್ಯಾಡ್ರಿ ದೊಡ್ಡವ್ವ," ಎಂದಳು. "ನೀವು ಹಚ್ಚಿದ್ರ ನಾ ಎತ್ತಬೇಕಾಗ್ತದ. ರಿಂಗ್ ಕೇಳಕೋತ ಸುಮ್ಮ ಕೂಡೂದು ನನಗ ಬರಂಗಿಲ್ಲ."